ನೈಟ್ರೋನಾ, ಬ್ಯಾಟರಿನಾ: ಮನೆಮಂದಿಯ ಆರ್‌ಸಿ ಕಾರಿಗಾಗಿ ನಾಲ್ಕು ಭಾನುವಾರದ ರಿಪೇರಿ ಲೆಕ್ಕ

ಪಿಸ್ಟನ್ ಕಚ್ಚಿಕೊಂಡಿತ್ತು. ಎಂಜಿನ್ನಿನ ತಿರುಗುವ ಗಾಲಿ, ಫ್ಲೈವೀಲಿಗೆ ಹೆಬ್ಬೆರಳು ಕೊಟ್ಟು ಒತ್ತಿದರೆ ಜಪ್ಪಯ್ಯ ಎಂದರೂ ಅಲ್ಲಾಡುತ್ತಿರಲಿಲ್ಲ. ಭಾವನವರು ಮನೆ ಬದಲಾಯಿಸುವಾಗ ಅಟ್ಟದಿಂದ ಇಳಿಸಿ ನಮ್ಮ ಕೈಗೆ ದಾಟಿಸಿದ ರಟ್ಟಿನ ಪೆಟ್ಟಿಗೆ ಅದು. ಒಳಗೆ ಆರ್‌ಸಿ ಕಾರು, ಅಂದರೆ ಕೈಯಲ್ಲಿನ ರೇಡಿಯೊ ರಿಮೋಟಿನಿಂದ ಓಡಿಸುವ ಕಾರು: ನಿಜವಾದ ಕಾರಿನ ಹತ್ತನೇ ಒಂದು ಅಳತೆಯ, ನೈಟ್ರೋ ಇಂಧನದ ಬಗ್ಗಿ, 2.5 ಸಿಸಿ ಎಂಜಿನ್. ಎಂಟು ವರ್ಷದಿಂದ ಯಾರೂ ಮುಟ್ಟಿರಲಿಲ್ಲ. "ಒಂದು ಹೊಸ ಪ್ಲಗ್ ಹಾಕಮ್ಮಾ, ಓಡುತ್ತೆ" ಅಂದಿದ್ದರು. ಅಟ್ಟದಿಂದ ಇಳಿದ ಯಾವ ಸಾಮಾನಿನ ಬಗ್ಗೆಯೂ ಜನ ಹೇಳುವುದು ಇಷ್ಟೇ.

ಅದರ ಪಕ್ಕದಲ್ಲಿ ಇನ್ನೊಂದು ಪೆಟ್ಟಿಗೆ, ಹೊಸದು. ಅದೇ ಅಳತೆಯ ಎಲೆಕ್ಟ್ರಿಕ್ ಬಗ್ಗಿ, ಬಿಡಿಭಾಗಗಳ ಕಿಟ್. ಮನೆಯಲ್ಲಿ ಆಗಲೇ ಎರಡು ಪಕ್ಷ ಆಗಿತ್ತು. ಇವರಿಗೆ, ನಮ್ಮ ಯಜಮಾನರಿಗೆ, ಸದ್ದು ಬೇಕು, ಹೊಗೆ ಬೇಕು, ಇಂಧನದ ವಾಸನೆ ಬೇಕು. ಅದಿಲ್ಲದಿದ್ದರೆ ಅದು ಕಾರೇ ಅಲ್ಲ, ಆಟಿಕೆ. ನಾನು ಬ್ಯಾಟರಿ ಪಕ್ಷ, ಯಾಕೆಂದರೆ ಎಣ್ಣೆ ಜಿಡ್ಡು ಒರೆಸುವ ಕೆಲಸ ಕೊನೆಗೆ ಯಾರ ಪಾಲಿಗೆ ಬರುತ್ತದೆ ಎಂದು ನನಗೆ ಗೊತ್ತು. ಮಗಳಿಗೆ ಹದಿಮೂರು, ಮಗನಿಗೆ ಒಂಬತ್ತು. ಇಬ್ಬರಿಗೂ ಬೇಕಾದದ್ದು ಓಡುವ ಕಾರು. ಅತ್ತೆ ಮಾತ್ರ ಏನೂ ಹೇಳದೆ ಕನ್ನಡಕ ಹುಡುಕುತ್ತಿದ್ದರು.

ವಾದ ಮಾಡಿ ಬಗೆಹರಿಯುವ ವಿಷಯವಲ್ಲ ಅನಿಸಿತು. ಎರಡನ್ನೂ ನಾವೇ ಓಡುವ ಸ್ಥಿತಿಗೆ ತರುವುದು, ಎಲ್ಲರೂ ಎರಡನ್ನೂ ಓಡಿಸುವುದು, ಆಮೇಲೆ ತೀರ್ಮಾನ. ಮಗಳು ಒಂದು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಎಳೆದಳು. ಒಂದರ ಮೇಲೆ 'ಕೆಲಸ', ಇನ್ನೊಂದರ ಮೇಲೆ 'ಓಟ'. ಎರಡೂ ನಿಮಿಷದ ಲೆಕ್ಕದಲ್ಲಿ.

ಮೊದಲ ಭಾನುವಾರ: ಎಂಟು ವರ್ಷದ ಅಂಟು

ಕಚ್ಚಿಕೊಂಡ ನೈಟ್ರೋ ಎಂಜಿನ್ ಕಂಡರೆ ಮೊದಲು ಕೈ ಹೋಗುವುದು ಸ್ಟಾರ್ಟ್ ಮಾಡಲು ಎಳೆಯುವ ದಾರಕ್ಕೆ. ಅದನ್ನು ಮಾತ್ರ ಮುಟ್ಟಬಾರದು. ದಾರ ಹರಿಯಬಹುದು, ಒಂದೇ ದಿಕ್ಕಿಗೆ ತಿರುಗುವ ಬೇರಿಂಗ್ ಹೋಗಬಹುದು, ಕೆಟ್ಟ ಗಳಿಗೆ ಇದ್ದರೆ ಕನೆಕ್ಟಿಂಗ್ ರಾಡೇ ಬಾಗಬಹುದು. ಈ ಇಂಧನದಲ್ಲಿ ಮೆಥನಾಲ್ ಮತ್ತು ನೈಟ್ರೋಮೀಥೇನ್ ಜೊತೆ ಎಣ್ಣೆಯೂ ಬೆರೆತಿರುತ್ತದೆ, ಅದರಲ್ಲಿ ಬಹಳ ಸಲ ಹರಳೆಣ್ಣೆ ಇರುತ್ತದೆ. ಮೆಥನಾಲ್ ಆರಿ ಹೋಗುತ್ತದೆ, ಹರಳೆಣ್ಣೆ ಉಳಿದು ವರ್ಷಗಳಲ್ಲಿ ಅರಗಿನ ಹಾಗೆ ಗಟ್ಟಿಯಾಗುತ್ತದೆ. ನಮ್ಮ ಎಂಜಿನ್ನಿನಲ್ಲಿ ಆಗಿದ್ದದ್ದು ಅದೇ.

ಇಂಧನ ಹೊತ್ತಿಸುವ ಗ್ಲೋ ಪ್ಲಗ್ ಬಿಚ್ಚಿ, ಆ ತೂತಿನಿಂದಲೂ ಕಾರ್ಬುರೇಟರಿನ ಬಾಯಿಂದಲೂ ಒಳಗೆ ಹಗುರ ಎಣ್ಣೆ ಬಿಟ್ಟೆ. ಅರ್ಧ ಗಂಟೆ ಬಿಟ್ಟು ತಲೆ ಒಣಗಿಸುವ ಡ್ರೈಯರಿನಿಂದ ಸಿಲಿಂಡರ್ ತಲೆಗೆ ಬಿಸಿಗಾಳಿ. ಕೈ ಇಟ್ಟರೆ ಚುರ್ ಅನ್ನುವಷ್ಟು ಬಿಸಿಯಾದ ಮೇಲೆ ಫ್ಲೈವೀಲನ್ನು ಬಟ್ಟೆಯಲ್ಲಿ ಹಿಡಿದು ಹಿಂದೆ ಮುಂದೆ ಕೂದಲೆಳೆಯಷ್ಟು ಅಲ್ಲಾಡಿಸಿದೆ. ನಾಲ್ಕನೇ ಸಲ ಬಿಸಿ ಮಾಡಿದಾಗ 'ಕಿರ್' ಎಂದು ಬಿಟ್ಟುಕೊಟ್ಟಿತು. ಬಿಸಿ ಮಾಡುವುದಕ್ಕೆ ಕಾರಣವಿದೆ. ಇಂಥ ಎಂಜಿನ್ನಿನಲ್ಲಿ ಅಲ್ಯುಮಿನಿಯಂ ಪಿಸ್ಟನ್, ಕ್ರೋಮ್ ಲೇಪಿಸಿದ ಹಿತ್ತಾಳೆಯ ಕೊಳವೆ, ರಿಂಗ್ ಇಲ್ಲ. ಕೊಳವೆ ಮೇಲೆ ಹೋದಂತೆ ಸಣ್ಣಗಾಗುತ್ತದೆ, ತಣ್ಣಗಿದ್ದಾಗ ಮೇಲ್ತುದಿಯಲ್ಲಿ ಪಿಸ್ಟನ್ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ಬಿಸಿಯಾದಾಗ ಕೊಳವೆ ಹಿಗ್ಗಿ ಸರಿಯಾದ ಸಡಿಲ ಬರುತ್ತದೆ. ಆ ಬಿಗಿ ಉಳಿದಿದೆ ಎಂದರೆ ಎಂಜಿನ್ನಿಗೆ ಇನ್ನೂ ಆಯುಷ್ಯ ಇದೆ ಎಂದು. ಭಾವನವರ ಎಂಜಿನ್ನಿಗೆ ಇತ್ತು.

ಬೇರಿಂಗಿಗೆ ಇರಲಿಲ್ಲ. ತಿರುಗಿಸಿದರೆ ಮರಳು ಅರೆದ ಸದ್ದು. ಮೆಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಓಡಿಸಿದ ಮೇಲೆ ಟ್ಯಾಂಕ್ ಖಾಲಿ ಮಾಡದೆ, ಎಣ್ಣೆ ಬಿಡದೆ ಇಟ್ಟರೆ ಮೊದಲು ತುಕ್ಕು ಹಿಡಿಯುವುದು ಪಿಸ್ಟನ್ ತಿರುಗಿಸುವ ಕ್ರ್ಯಾಂಕ್ ದಂಡದ ಹಿಂಬದಿಯ ಬೇರಿಂಗಿಗೆ. ಕ್ಲಚ್ ಬಿಚ್ಚಿ, ಫ್ಲೈವೀಲ್ ತೆಗೆದು, ಅದರ ಹಿಂದೆ ಸಿಕ್ಕಿಕೊಂಡ ಸೀಳು ಹಿತ್ತಾಳೆ ಕೋನನ್ನು ಬಿಡಿಸುವ ಹೊತ್ತಿಗೆ ಮಧ್ಯಾಹ್ನ ಮೂರಾಗಿತ್ತು. ಬೇರಿಂಗನ್ನು ಗುದ್ದಿ ತೆಗೆಯಬಾರದು. ಖಾಲಿ ಕ್ರ್ಯಾಂಕ್‌ಕೇಸನ್ನು ಹೀಟ್ ಗನ್ನಿನಿಂದ ಸಮನಾಗಿ ಕಾಯಿಸಿದೆ. ಅಲ್ಯುಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ, ಹಾಗಾಗಿ ಮರದ ತುಂಡಿನ ಮೇಲೆ ಒಂದು ಸಲ ಕುಟ್ಟಿದರೆ ಬೇರಿಂಗ್ ತಾನೇ ಉದುರುತ್ತದೆ. ಉದುರಿತು. ಮಗ ಅದನ್ನು ಎತ್ತಿಕೊಳ್ಳಲು ಕೈ ಚಾಚಿದ, ಮಗಳು ಅವನ ಅಂಗಿ ಹಿಡಿದು ಹಿಂದಕ್ಕೆ ಎಳೆದಳು. ಹೊಸದನ್ನು ಕೂರಿಸುವಾಗ ಇದೇ ಉಪಾಯ ಉಲ್ಟಾ: ಬೇರಿಂಗ್ ಫ್ರೀಜರಿನಲ್ಲಿ, ಕೇಸ್ ಬಿಸಿಯಾಗಿ.

ಬದಲಾಯಿಸಿದ ಉಳಿದ ವಸ್ತುಗಳು: ಕಲ್ಲಾಗಿದ್ದ ಇಂಧನದ ಕೊಳವೆ, ಟ್ಯಾಂಕ್ ಮುಚ್ಚಳದ ರಬ್ಬರು, ಮುಟ್ಟಿದರೆ ಪುಡಿಯಾಗುತ್ತಿದ್ದ ಏರ್ ಫಿಲ್ಟರ್ ಸ್ಪಂಜು. ಫಿಲ್ಟರ್ ಇಲ್ಲದೆ ಒಂದು ನಿಮಿಷವೂ ಓಡಿಸುವಂತಿಲ್ಲ. ಆ ಸಣ್ಣ ಎಂಜಿನ್ ನಿಮಿಷಕ್ಕೆ ಮೂವತ್ತು ಸಾವಿರ ಸುತ್ತು ತಿರುಗುವಾಗ ಒಂದು ಚಿಟಿಕೆ ಧೂಳು ಮರಳುಕಾಗದದ ಕೆಲಸ ಮಾಡುತ್ತದೆ. ಹಳೆಯ 27 ಮೆಗಾಹರ್ಟ್ಸ್ ರೇಡಿಯೊವನ್ನೂ ಬಿಟ್ಟೆ, 2.4 ಗಿಗಾಹರ್ಟ್ಸಿನದು ಹಾಕಿದೆ. ಹಳೆಯದರಲ್ಲಿ ತರಂಗ ನಿಗದಿ ಮಾಡುವ ಕ್ರಿಸ್ಟಲ್ ಬದಲಾಯಿಸಿ ಚಾನೆಲ್ ಹಂಚಿಕೊಳ್ಳಬೇಕಿತ್ತು. ಪಕ್ಕದವರ ಕ್ರಿಸ್ಟಲ್ಲೂ ಅದೇ ಆದರೆ ನಮ್ಮ ಕಾರು ಅವರ ಮಾತು ಕೇಳುತ್ತಿತ್ತು.

ನೋಟ್‌ಬುಕ್: ಕೆಲಸ 395, ಓಟ 0.

ಎರಡನೇ ಭಾನುವಾರ: ಕಿಟ್

ಇದು ಬೇಗ ಮುಗಿಯುತ್ತದೆ ಅಂದುಕೊಂಡಿದ್ದೆ. ಶನಿವಾರ ಸಂಜೆಯೇ ಶುರು ಮಾಡಿ ಭಾನುವಾರ ರಾತ್ರಿಗೆ ಮುಗಿಯಿತು. ಆದರೆ ಒಂದು ವ್ಯತ್ಯಾಸ ಮೊದಲ ಗಂಟೆಯಲ್ಲೇ ಕಂಡಿತು. ಹಿಂದಿನ ವಾರ ನಾನು ಕೆಲಸ ಮಾಡಿದೆ, ಉಳಿದವರು ಸುತ್ತ ನಿಂತು ನೋಡಿದರು, ಸ್ಕ್ರೂ ಡ್ರೈವರ್ ಕೊಟ್ಟರು, ಬೇಸರವಾದಾಗ ಎದ್ದು ಹೋದರು. ಈ ಸಲ ಮೇಜಿನ ನಾಲ್ಕು ಕಡೆಯೂ ಕೈಗಳಿದ್ದವು. ಒಬ್ಬರು ತಿರುವಿನಲ್ಲಿ ಎರಡು ಚಕ್ರಕ್ಕೂ ಬೇರೆ ಬೇರೆ ವೇಗ ಕೊಡುವ ಡಿಫರೆನ್ಷಿಯಲ್, ಒಬ್ಬರು ಡ್ಯಾಂಪರ್ (ಶಾಕ್ ಅಬ್ಸಾರ್ಬರ್), ಇವರು ಕಾರಿನ ಬಾಡಿಯ ಕವಚಕ್ಕೆ ಬಣ್ಣ. ಪಾರದರ್ಶಕ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನ ಕವಚಕ್ಕೆ ಒಳಗಡೆಯಿಂದ ಬಣ್ಣ ಹಚ್ಚಬೇಕು, ಗಾಢ ಬಣ್ಣ ಮೊದಲು, ತಿಳಿ ಬಣ್ಣ ಆಮೇಲೆ. ಇವರು ತಿಳಿ ಹಳದಿಯನ್ನು ಮೊದಲು ಹೊಡೆದರು, ಕಪ್ಪು ಪಟ್ಟೆ ಅದರ ಹಿಂದೆ ಅಡಗಿ ಕುಳಿತಿತು. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ.

ಮಗನ ಪಾಲಿಗೆ ಡ್ಯಾಂಪರ್ ಬಂತು. ಸಿಲಿಂಡರಿಗೆ ಸಿಲಿಕೋನ್ ಎಣ್ಣೆ ತುಂಬಿ, ಕಡ್ಡಿಯನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿ, ಗುಳ್ಳೆಗಳು ಮೇಲೆ ಬರುವವರೆಗೆ ಸುಮ್ಮನೆ ಕೂರಬೇಕು. ಗುಳ್ಳೆ ಉಳಿದರೆ ಒತ್ತಿದಾಗ 'ಚುಳುಕ್' ಅನ್ನುತ್ತದೆ, ಕಾರು ಒಂದೊಂದು ಮೂಲೆಯಲ್ಲಿ ಒಂದೊಂದು ಥರ ಕುಣಿಯುತ್ತದೆ. ಒಂಬತ್ತು ವರ್ಷದವನಿಗೆ ಹತ್ತು ನಿಮಿಷ ಕಾಯುವುದು ದೊಡ್ಡ ಶಿಕ್ಷೆ. ನಾಲ್ಕರಲ್ಲಿ ಮೂರು ಚೆನ್ನಾಗಿ ಬಂದವು, ನಾಲ್ಕನೆಯದು ಚುಳುಕ್ ಅಂದಿತು, ಬಿಚ್ಚಿ ಮತ್ತೆ ತುಂಬಿದ. ಡ್ಯಾಂಪರಿನ ಸಣ್ಣ ಇ-ಕ್ಲಿಪ್ ಹಾಕುವಾಗ ಎರಡು ಕೈಯನ್ನೂ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟು ಹಾಕಿ. ಹಾರಿದರೆ ಚೀಲದಲ್ಲಿ ಬೀಳುತ್ತದೆ. ಈ ಬುದ್ಧಿ ನನಗೆ ಮೂರನೇ ಕ್ಲಿಪ್ ಕಳೆದ ಮೇಲೆ ಬಂತು.

ಮೋಟಾರಿನ ಸಣ್ಣ ಗಿಯರ್ ಪಿನಿಯನ್ ಮತ್ತು ಅದು ತಿರುಗಿಸುವ ದೊಡ್ಡ ಸ್ಪರ್ ಗಿಯರಿನ ನಡುವಿನ ಸಂದು ಹೊಸಬರು ಎಡವುವ ಜಾಗ. ತೀರ ಬಿಗಿಯಾದರೆ ಮೋಟಾರು ಕಾಯುತ್ತದೆ, ಸಡಿಲವಾದರೆ ಹಲ್ಲು ಉದುರುತ್ತದೆ. ನೋಟ್‌ಬುಕ್ಕಿನ ಅಂಚಿನಿಂದ ಒಂದು ಪಟ್ಟಿ ಕಾಗದ ಹರಿದು ಎರಡು ಗಿಯರಿನ ನಡುವೆ ತೂರಿಸಿ, ಮೋಟಾರನ್ನು ಒತ್ತಿ ಹಿಡಿದು ಸ್ಕ್ರೂ ಬಿಗಿದು, ಆಮೇಲೆ ಗಿಯರ್ ತಿರುಗಿಸಿ ಕಾಗದ ಹೊರಗೆ ತೆಗೆಯಬೇಕು. ಕಾಗದ ನಿರಿಗೆ ನಿರಿಗೆಯಾಗಿ, ಹರಿಯದೆ ಬಂದರೆ ಸರಿ. ಮಗಳು ಆ ನಿರಿಗೆ ಪಟ್ಟಿಯನ್ನು ಅದೇ ಪುಟಕ್ಕೆ ಅಂಟಿಸಿಟ್ಟಿದ್ದಾಳೆ.

ಮೋಟಾರು 540 ಅಳತೆಯ ಬ್ರಷ್ ಇರುವ ಸಾದಾ ಮೋಟಾರು, 27 ಸುತ್ತಿನದು. ಒಳಗಿನ ತಂತಿಯ ಸುತ್ತು ಕಡಿಮೆಯಾದಷ್ಟೂ ವೇಗ ಜಾಸ್ತಿ, ಕರೆಂಟು ಎಳೆಯುವುದೂ ಜಾಸ್ತಿ. ಇವರು ಮೊದಲ ದಿನವೇ ಬ್ರಷ್‌ಲೆಸ್ ಮೋಟಾರಿನ ಮಾತೆತ್ತಿದರು: 3300 ಕೆವಿಯ, ಅಂದರೆ ಒಂದು ವೋಲ್ಟಿಗೆ ನಿಮಿಷಕ್ಕೆ 3300 ಸುತ್ತಿನ, ಮೋಟಾರಿಗೆ 7.4 ವೋಲ್ಟ್ ಕೊಟ್ಟರೆ ಹೊರೆ ಇಲ್ಲದಾಗ ನಿಮಿಷಕ್ಕೆ 24,420 ಸುತ್ತು. ಲೆಕ್ಕ ಸರಿ. ಆದರೆ ಮೂರು ತಂತಿಯ ಮೋಟಾರಿಗೆ ಬೇರೆಯೇ ಸ್ಪೀಡ್ ಕಂಟ್ರೋಲರ್ ಬೇಕು, ಅದಕ್ಕಿಂತ ಮುಖ್ಯವಾಗಿ ತಡೆಗೋಡೆಗೆ ಗುದ್ದದೆ ತಿರುಗಿಸುವ ಕೈ ಬೇಕು. ಅದು ಬರುವವರೆಗೆ 27 ಸುತ್ತು ಸಾಕು ಅಂದೆ.

ಬ್ಯಾಟರಿಯ ವಿಷಯದಲ್ಲಿ ಸಲಿಗೆ ಇಲ್ಲ. ಎರಡು ಸೆಲ್ಲಿನ ಲಿಪೊ (ಲಿಥಿಯಂ ಪಾಲಿಮರ್), 5000 ಎಂಎಎಚ್. ತುಂಬಿದಾಗ 8.4 ವೋಲ್ಟ್, ಸೆಲ್ಲಿಗೆ 4.2. ಸೆಲ್ 3 ವೋಲ್ಟಿಗಿಂತ ಕೆಳಗೆ ಇಳಿದರೆ ಹಾಳು. ನಮ್ಮ ಸ್ಪೀಡ್ ಕಂಟ್ರೋಲರಿನಲ್ಲಿ ಒಂದು ಪುಟ್ಟ ಜಂಪರ್ ಇದೆ, ಬ್ಯಾಟರಿ ನಿಕಲ್ಲಿನದೋ ಲಿಪೊನೋ ಎಂದು ಆರಿಸಲು. ಕಾರ್ಖಾನೆಯಿಂದ ಅದು ನಿಕಲ್ ಕಡೆ ಬಂದಿತ್ತು. ಹಾಗೇ ಓಡಿಸಿದ್ದರೆ ವೋಲ್ಟ್ ತೀರ ಇಳಿದರೂ ಕಂಟ್ರೋಲರ್ ತಡೆಯುತ್ತಿರಲಿಲ್ಲ, ಮೊದಲ ದಿನವೇ ಬ್ಯಾಟರಿಯನ್ನು ಕೊಲ್ಲುತ್ತಿದ್ದೆವು. ಚಾರ್ಜ್ 5 ಆಂಪಿಯರಿನಲ್ಲಿ, ಎರಡು ಸೆಲ್ಲನ್ನೂ ಸಮವಾಗಿ ತುಂಬಿಸುವ ಬ್ಯಾಲೆನ್ಸ್ ತಂತಿ ಸಿಕ್ಕಿಸಿ, ಬೆಂಕಿ ತಡೆಯುವ ಚೀಲದಲ್ಲಿ, ಯಾರಾದರೂ ಎಚ್ಚರವಾಗಿ ಮನೆಯಲ್ಲಿದ್ದಾಗ ಮಾತ್ರ. ಊದಿಕೊಂಡ ಬ್ಯಾಟರಿ ಚಾರ್ಜರಿಗೆ ಮತ್ತೆ ಹತ್ತುವಂತಿಲ್ಲ. ಈ ಸಾಲುಗಳನ್ನು ಮಗ ದೊಡ್ಡ ಅಕ್ಷರದಲ್ಲಿ ಬರೆದು ಮೇಜಿನ ಮೇಲಿನ ಗೋಡೆಗೆ ಅಂಟಿಸಿದ.

ಕನೆಕ್ಟರಿನ ಬೆಸುಗೆ ನಾನು ಹಾಕಿದೆ. ಮನೆಯಲ್ಲಿದ್ದ 25 ವಾಟಿನ ಬೆಸುಗೆ ಕಡ್ಡಿಯಿಂದ ಆ ದಪ್ಪ ತಂತಿಗೆ. ನೋಡಲು ಚೆನ್ನಾಗಿಯೇ ಇತ್ತು. ಇದು ನೆನಪಿರಲಿ, ಮುಂದೆ ಬರುತ್ತದೆ.

ರಾತ್ರಿ ಒಂಬತ್ತಕ್ಕೆ ಅಂಗಳದಲ್ಲಿ ಮೊದಲ ಓಟ. ಎಡಕ್ಕೆ ತಿರುಗಿಸಿದರೆ ಬಲಕ್ಕೆ ಹೋಯಿತು. ರೇಡಿಯೊದ ರಿವರ್ಸ್ ಗುಂಡಿ ಒತ್ತಿದ ಮೇಲೆ ಸರಿಹೋಯಿತು.

ಕೆಲಸ 410, ಓಟ 12.

ಮೂರನೇ ಭಾನುವಾರ: ಕಿವಿಯ ಕೆಲಸ

ನೈಟ್ರೋಗೆ ಜೀವ ಕೊಡುವ ದಿನ. ಮೊದಲು ಮಕ್ಕಳಿಗೆ ಒಂದು ಪಾಠ, ಹೆದರಿಸುವ ಧಾಟಿಯಲ್ಲೇ. ಮೆಥನಾಲ್ ವಿಷ, ಹೊಟ್ಟೆಗೆ ಹೋದರೆ ಕಣ್ಣು ಹೋಗುತ್ತದೆ, ಜೀವವೂ ಹೋಗಬಹುದು. ಚರ್ಮದಿಂದಲೂ ಒಳಗೆ ಇಳಿಯುತ್ತದೆ, ಹಾಗಾಗಿ ಕೈಗವಸು. ಅದರ ಬೆಂಕಿ ಬಿಸಿಲಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ ಎನ್ನಬಹುದು, ಹಾಗಾಗಿ ಬಿಸಿ ಎಂಜಿನ್ನಿನ ಮೇಲೆ ಇಂಧನ ತುಂಬುವುದು ದೊಡ್ಡವರ ಕೆಲಸ. ಮನೆಯೊಳಗೆ ಸ್ಟಾರ್ಟ್ ಮಾಡುವ ಮಾತೇ ಇಲ್ಲ. ಕಿಟ್ ಕಾರಿಗೆ ಗೋಡೆಯ ಮೇಲೆ ನಾಲ್ಕು ಸಾಲು ಸಾಕಾಗಿತ್ತು, ಇದಕ್ಕೆ ಒಂದು ಪುಟ ಬೇಕಾಯಿತು.

ಗ್ಲೋ ಪ್ಲಗ್ ಬಗ್ಗೆ ಮಗಳು ಕೇಳಿದಳು: "ಸ್ಟಾರ್ಟ್ ಆದಮೇಲೆ ಬ್ಯಾಟರಿ ತೆಗೆದುಬಿಡ್ತೀಯಲ್ಲಮ್ಮ, ಆಮೇಲೆ ಕಿಡಿ ಎಲ್ಲಿಂದ?" ಕಿಡಿ ಇಲ್ಲವೇ ಇಲ್ಲ. ಪ್ಲಗ್ಗಿನ ಒಳಗಿನ ಸುರುಳಿಯಲ್ಲಿ ಪ್ಲಾಟಿನಂ ಇದೆ. ಶುರುವಿನಲ್ಲಿ ಒಂದೂವರೆ ವೋಲ್ಟಿನ ಇಗ್ನೈಟರ್ ಅದನ್ನು ಕೆಂಪಗೆ ಕಾಯಿಸುತ್ತದೆ. ಆಮೇಲೆ ಮೆಥನಾಲಿನ ಆವಿ ಪ್ಲಾಟಿನಂ ತಾಗಿದಾಗ ನಡೆಯುವ ಕ್ರಿಯೆ ಮತ್ತು ಒಳಗಿನ ದಹನದ ಬಿಸಿ ಸೇರಿ ಅದನ್ನು ಕೆಂಪಗೇ ಇಡುತ್ತವೆ. ಕಾದ ಪ್ಲಾಟಿನಂ ತಂತಿ ಉರಿಯುವ ಅನಿಲದ ನಡುವೆ ಜ್ವಾಲೆಯಿಲ್ಲದೆ ಕೆಂಪಗೇ ಉಳಿಯುವುದನ್ನು ಹಂಫ್ರಿ ಡೇವಿ 1817ರಲ್ಲೇ ಕಂಡಿದ್ದ. ನೈಟ್ರೋಮೀಥೇನಿನ ಗುಟ್ಟು ಬೇರೆ: ತನ್ನ ಅಣುವಿನಲ್ಲೇ ಆಮ್ಲಜನಕ ಇಟ್ಟುಕೊಂಡಿದೆ. ಒಂದು ಪಾಲು ಪೆಟ್ರೋಲ್ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು, ಮೆಥನಾಲಿಗೆ ಸುಮಾರು 6.4, ನೈಟ್ರೋಮೀಥೇನಿಗೆ 1.7 ಮಾತ್ರ. ಅಷ್ಟೇ ಗಾಳಿಯಲ್ಲಿ ಹೆಚ್ಚು ಇಂಧನ ಉರಿಸಬಹುದು. ನಮ್ಮ ಡಬ್ಬಿಯಲ್ಲಿದ್ದದ್ದು ನೂರಕ್ಕೆ ಇಪ್ಪತ್ತು ನೈಟ್ರೋ. ಇಷ್ಟು ಹೇಳುವಾಗ ಮಗಳ ಕಣ್ಣಲ್ಲಿ ಕಂಡ ಬೆಳಕು ಕಿಟ್ ಜೋಡಿಸುವಾಗ ಕಂಡಿರಲಿಲ್ಲ. ನನ್ನ ಪಕ್ಷಕ್ಕೆ ಅದು ಮೊದಲ ಹೊಡೆತ.

ನೀಡಲ್‌ಗಳನ್ನು (ಇಂಧನ ಹೆಚ್ಚು ಕಡಿಮೆ ಮಾಡುವ ತಿರುಪುಗಳನ್ನು) ಕೈಪಿಡಿಯ ಲೆಕ್ಕಕ್ಕೆ ತಂದು, ಇಂಧನ ಕಾರ್ಬುರೇಟರಿಗೆ ಏರಿಸಿ, ದಾರ ಎಳೆದೆ. ಏನೂ ಇಲ್ಲ. ಇನ್ನೂ ಎಳೆದೆ. ಹದಿನೈದನೇ ಸಲಕ್ಕೆ ದಾರ ಗೋಡೆಗೆ ಕಟ್ಟಿದ ಹಾಗೆ ನಿಂತಿತು. ಒಳಗೆ ಇಂಧನ ತುಂಬಿ ಹೋಗಿತ್ತು. ದ್ರವವನ್ನು ಪಿಸ್ಟನ್ ಅದುಮಲಾರದು. ಇಂಥ ಹೊತ್ತಿನಲ್ಲೇ ಗಂಡಸರು "ಕೊಡು ಇಲ್ಲಿ, ನಾನು ಎಳೀತೀನಿ" ಅನ್ನುವುದು. ಕೊಡಲಿಲ್ಲ. ಪ್ಲಗ್ ತೆಗೆದು, ಕಾರನ್ನು ಬೋರಲು ಹಾಕಿ, ತೂತಿನ ಮೇಲೆ ಬಟ್ಟೆ ಹಿಡಿದು ನಾಲ್ಕು ಸಲ ದಾರ ಎಳೆದೆ. ಪಿಚಕಾರಿಯ ಹಾಗೆ ಬಂತು. ತೆಗೆದ ಪ್ಲಗ್ಗನ್ನು ಇಗ್ನೈಟರಿಗೆ ಹಾಕಿದರೆ ಸುರುಳಿ ಅರ್ಧ ಮಾತ್ರ ಹೊಳೆಯಿತು. ಭಾವನವರ ಮಾತೇ ನಿಜ, ಪ್ಲಗ್ ಹೊಸದು ಬೇಕಿತ್ತು. ಅದೊಂದೇ ಬೇಕಿರಲಿಲ್ಲ ಅಷ್ಟೇ.

ಹೊಸ ಪ್ಲಗ್ಗಿಗೆ ಮೂರನೇ ಎಳೆತಕ್ಕೆ ಹತ್ತಿಕೊಂಡಿತು. ನೀಲಿ ಹೊಗೆ, ಕಿವಿಗೆ ಚುಚ್ಚುವ ಸದ್ದು, ಇವರ ಮುಖದಲ್ಲಿ ಮದುವೆಯ ಫೋಟೊದಲ್ಲೂ ಕಾಣದ ನಗು. ಎರಡು ನಿಮಿಷ ಅಷ್ಟೇ. ಒಮ್ಮೆ ವೇಗ ಕೊಟ್ಟು ಬಿಟ್ಟರೆ ಎಂಜಿನ್ ಕೆಳಗೆ ಇಳಿಯದೆ ಕೂಗುತ್ತಲೇ ಇತ್ತು. ನಾನು ಇಂಧನ ಕಡಿಮೆಯಾಗಿದೆ ಅಂದುಕೊಂಡು ನೀಡಲ್ ಬಿಚ್ಚಿದೆ, ಆಗ ಉಸಿರುಗಟ್ಟಿ ನಿಂತಿತು. ಮತ್ತೆ ಮುಚ್ಚಿದೆ, ಮತ್ತೆ ಕೂಗಿತು. ಒಂದೂವರೆ ಗಂಟೆ ನೀಡಲ್ ಜೊತೆ ಗುದ್ದಾಡಿದ ಮೇಲೆ ಹೊಳೆಯಿತು: ಒಂದೇ ಎಂಜಿನ್ ಒಂದು ಸಲ ಒಂದು ಥರ, ಇನ್ನೊಂದು ಸಲ ಇನ್ನೊಂದು ಥರ ವರ್ತಿಸಿದರೆ ತಪ್ಪು ನೀಡಲಿನದಲ್ಲ, ಎಲ್ಲಿಂದಲೋ ಕಳ್ಳಗಾಳಿ ಬರುತ್ತಿದೆ. ಕಾರ್ಬುರೇಟರ್ ಬಿಚ್ಚಿದರೆ ಬುಡದ ಓ-ರಿಂಗ್ ಚಪ್ಪಟೆಯಾಗಿ ಒಂದು ಕಡೆ ಸೀಳಿತ್ತು. ಅದನ್ನೂ ಹಿಂಬದಿ ಮುಚ್ಚಳದ ಗ್ಯಾಸ್ಕೆಟ್ಟನ್ನೂ ಬದಲಾಯಿಸಿದೆ.

ಆಮೇಲೆ ನಡೆದದ್ದು ನಿಜವಾದ ಟ್ಯೂನಿಂಗ್. ದೊಡ್ಡ ನೀಡಲ್ ಪೂರ್ತಿ ವೇಗಕ್ಕೆ, ಸಣ್ಣದು ನಿಂತಲ್ಲಿ ನಡೆಯುವ ವೇಗಕ್ಕೆ. ಒಂದು ಸಲಕ್ಕೆ ಗಡಿಯಾರದ ಮುಳ್ಳು ಒಂದು ಗಂಟೆ ಸರಿದಷ್ಟು ಮಾತ್ರ ತಿರುಗಿಸಬೇಕು, ಒಂದು ಸುತ್ತು ಓಡಿಸಬೇಕು, ಕೇಳಬೇಕು. ಇಂಧನ ಹೆಚ್ಚಾದರೆ ಗಂಟಲು ಕಟ್ಟಿದ ಹಾಗೆ ಬುಳುಬುಳು; ಕಡಿಮೆಯಾದರೆ ಸದ್ದು ತೆಳ್ಳಗಾಗಿ ಚೀರುತ್ತದೆ, ಹೊಗೆ ಮಾಯ, ಬಿಸಿ ಏರುತ್ತದೆ. ವೇಗ ಕೊಟ್ಟಾಗ ಬಾಲದಲ್ಲಿ ಒಂದು ಎಳೆ ನೀಲಿ ಹೊಗೆ ಯಾವಾಗಲೂ ಕಾಣಬೇಕು. ಎಣ್ಣೆ ಬರುವುದೇ ಇಂಧನದ ಜೊತೆ, ಹೊಗೆ ಇಲ್ಲ ಎಂದರೆ ಎಣ್ಣೆಯೂ ಸಾಲದು ಎಂದೇ ಅರ್ಥ. ಸಣ್ಣ ನೀಡಲಿಗೆ ಒಂದು ಪರೀಕ್ಷೆ ಇದೆ. ನಿಂತಲ್ಲಿ ನಡೆಯುವಾಗ ಇಂಧನದ ಕೊಳವೆಯನ್ನು ಕಾರ್ಬುರೇಟರ್ ಹತ್ತಿರ ಚಿವುಟಿ ಹಿಡಿಯಿರಿ. ಎರಡು ಮೂರು ಸೆಕೆಂಡಿನಲ್ಲಿ ಸದ್ದು ತುಸು ಏರಿ ಎಂಜಿನ್ ನಿಂತರೆ ಹದ ಸರಿ. ತಕ್ಷಣ ಸತ್ತರೆ ಇಂಧನ ಕಡಿಮೆ, ತುಂಬ ಹೊತ್ತು ಎಳೆದರೆ ಹೆಚ್ಚು.

ಸಂಜೆಯ ಹೊತ್ತಿಗೆ ಸಿಲಿಂಡರ್ ತಲೆ, ಪ್ಲಗ್ಗಿನ ಬುಡದಲ್ಲಿ, 108 ಡಿಗ್ರಿ ಸೆಲ್ಸಿಯಸ್. 100ರಿಂದ 120ರ ಒಳಗೆ ಇದ್ದರೆ ನೆಮ್ಮದಿ. ಹೊಲಿಗೆ ಯಂತ್ರದ ಸದ್ದಿನಲ್ಲೇ ದಾರ ಬಿಗಿಯೋ ಸಡಿಲವೋ ಹೇಳುತ್ತಿದ್ದ ನನ್ನ ಅಮ್ಮನ ನೆನಪಾಯಿತು. ಬ್ಯಾಟರಿ ಪಕ್ಷದ ನಾಯಕಿ ಮಣ್ಣಿನಲ್ಲಿ ಮಂಡಿಯೂರಿ, ಮೊಣಕೈವರೆಗೆ ಜಿಡ್ಡು ಮಾಡಿಕೊಂಡು, ಇನ್ನೊಂದು ಟ್ಯಾಂಕ್ ಹಾಕಲಾ ಎಂದು ಕೇಳುತ್ತಿದ್ದಳು. ಮಗ ಆಗಲೇ ಒಳಗೆ ಹೋಗಿ ಟಿವಿ ಹಾಕಿದ್ದ.

ಕೆಲಸ 340, ಓಟ 21.

ನಾಲ್ಕನೇ ಭಾನುವಾರ: ಎಲ್ಲರೂ ಮೈದಾನಕ್ಕೆ

ಎರಡೂ ಕಾರು, ಒಂದು ಖಾಲಿ ಮೈದಾನ, ಐದು ಜನ. ನೈಟ್ರೋ ಬಿಡುವ ಮೊದಲು ಫೇಲ್‌ಸೇಫ್ ಪರೀಕ್ಷೆ: ಕಾರನ್ನು ಇಟ್ಟಿಗೆಯ ಮೇಲೆ ಎತ್ತಿಟ್ಟು, ಎಂಜಿನ್ ಆರಿಸಿ, ಥ್ರಾಟಲ್ ಅರ್ಧ ಒತ್ತಿ ರೇಡಿಯೊ ಬಂದ್ ಮಾಡಿದರೆ ಥ್ರಾಟಲ್ ಮತ್ತು ಬ್ರೇಕ್ ಎಳೆಯುವ ಪುಟ್ಟ ಮೋಟಾರು, ಸರ್ವೋ, ತಾನಾಗಿ ಬ್ರೇಕ್ ಕಡೆ ಹೋಗಬೇಕು. ಎಲೆಕ್ಟ್ರಿಕ್ ಕಾರಿಗೂ ಇದು ಬೇಕು. ನೈಟ್ರೋಗೆ ಮಾತ್ರ ಇನ್ನೊಂದು ಕಾಟ: ಕಾರಿನೊಳಗೆ ರೇಡಿಯೊದ ಸಂಕೇತ ಹಿಡಿಯುವ ರಿಸೀವರಿನ ಬ್ಯಾಟರಿಯೇ ಸತ್ತರೆ ಬ್ರೇಕ್ ಹಾಕಲು ಸರ್ವೋಗೆ ಶಕ್ತಿಯೇ ಇರುವುದಿಲ್ಲ, ಎಂಜಿನ್ ತನ್ನ ಪಾಡಿಗೆ ಓಡುತ್ತಿರುತ್ತದೆ. ಅದಕ್ಕೆಂದೇ ಕಾರ್ಬುರೇಟರಿಗೆ ಎಳೆದು ಮುಚ್ಚುವ ಒಂದು ಸ್ಪ್ರಿಂಗ್ ಕಟ್ಟಿದೆ.

ಎಲೆಕ್ಟ್ರಿಕ್ ಕಾರು ಮೊದಲು ಮಗನ ಕೈಗೆ. ನಾಲ್ಕನೇ ನಿಮಿಷಕ್ಕೆ ಕಲ್ಲಿಗೆ ಹೊಡೆದು ಚಕ್ರ ಹಿಡಿದಿರುವ ಮುಂದಿನ ಬಲ ತೋಳು ಮುರಿಯಿತು. ಬಿಡಿ ತೋಳು ಪೆಟ್ಟಿಗೆಯಲ್ಲಿತ್ತು. ಕಿಟ್ ತಾನೇ ಜೋಡಿಸಿದ್ದರಿಂದ ಯಾವ ಪಿನ್ ಎಲ್ಲಿ ಎಂದು ಅವನಿಗೇ ಗೊತ್ತು. ನಾನು ಕೈ ಹಾಕಲಿಲ್ಲ, ಹನ್ನೊಂದು ನಿಮಿಷದಲ್ಲಿ ಹಾಕಿದ. ಚಕ್ರದ ಒಳಗಿನ ಅಡ್ಡ ಪಿನ್ ಹುಲ್ಲಿನಲ್ಲಿ ಬಿತ್ತು. ಬಟ್ಟೆ ಹಾಸಿಕೊಂಡು ಚಕ್ರ ಬಿಚ್ಚಬೇಕು ಎಂದು ಹೇಳಿದ್ದು ನಾನೇ, ಹಾಸದೆ ಇದ್ದದ್ದೂ ನಾನೇ.

ಮಗಳ ಸರದಿಯಲ್ಲಿ ಕಾರು ಇದ್ದಕ್ಕಿದ್ದಂತೆ ಸತ್ತಿತು. ಬ್ಯಾಟರಿ ತುಂಬಿತ್ತು. ಬಾಡಿ ಎತ್ತಿದರೆ ಕನೆಕ್ಟರಿನ ಒಂದು ತಂತಿ ಕೈಗೇ ಬಂತು. ನನ್ನ ಬೆಸುಗೆ. ಸಣ್ಣ ಕಡ್ಡಿಯ ಬಿಸಿಯನ್ನು ದಪ್ಪ ತಂತಿ ಹೀರಿಬಿಟ್ಟಿತ್ತು, ಸೀಸ ಮೇಲೆ ಮಾತ್ರ ಅಂಟಿ ಕೂತಿತ್ತು. ಪುಣ್ಯಕ್ಕೆ ಅದು ಕಂಟ್ರೋಲರಿನ ಕಡೆಯ ತಂತಿ; ಬ್ಯಾಟರಿ ಕಡೆಯದಾಗಿದ್ದು ಎರಡು ತುದಿ ಒಂದಕ್ಕೊಂದು ತಾಗಿದ್ದರೆ ಕಥೆಯೇ ಬೇರೆಯಾಗುತ್ತಿತ್ತು. ಇವರು ಏನೂ ಅನ್ನಲಿಲ್ಲ, ಆದರೆ ಬಹಳ ಜೋರಾಗಿ ಏನೂ ಅನ್ನಲಿಲ್ಲ. ಮನೆಗೆ ಹೋಗಿ ಭಾವನವರ 60 ವಾಟಿನ ಕಡ್ಡಿ ತರಿಸಿ, ತಂತಿಗೂ ಕನೆಕ್ಟರಿಗೂ ಮೊದಲೇ ಬೇರೆ ಬೇರೆಯಾಗಿ ಸೀಸ ಹಿಡಿಸಿ, ಆಮೇಲೆ ಕೂಡಿಸಿದೆ. ಒಂದು ಗಂಟೆ ಹೋಯಿತು.

ಆ ಒಂದು ಗಂಟೆಯಲ್ಲಿ ನೈಟ್ರೋ ಓಡಿತು. ಇವರ ಕೈಯಲ್ಲಿ, ಮೈದಾನದ ಈ ತುದಿಯಿಂದ ಆ ತುದಿಗೆ, ನಿಜವಾಗಿ ಚೆಂದ. ಎಪ್ಪತ್ತೈದು ಸಿಸಿ ಟ್ಯಾಂಕಿಗೆ ಹತ್ತು ನಿಮಿಷ, ತುಂಬಿಸಲು ಅರ್ಧ ನಿಮಿಷ, ಮತ್ತೆ ಹತ್ತು. ಮೂವತ್ತು ವರ್ಷದ ಹಿಂದೆ ಈ ವಾದ ನಡೆದಿದ್ದರೆ ಇದೊಂದೇ ಕಾರಣಕ್ಕೆ ನೈಟ್ರೋ ಗೆಲ್ಲುತ್ತಿತ್ತು. ಆಗಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಕೆಲವೇ ನಿಮಿಷದಲ್ಲಿ ಸುಸ್ತಾಗುತ್ತಿತ್ತು. 1999ರಲ್ಲಿ ಟ್ರಾಕ್ಸಸ್ ಕಂಪನಿಯ ಟಿ-ಮ್ಯಾಕ್ಸ್ ಎಂಬ ನೈಟ್ರೋ ಟ್ರಕ್ ಬಂದಾಗ ಜನ ಮುಗಿಬಿದ್ದದ್ದು ಸುಮ್ಮನೆ ಅಲ್ಲ. ಲಿಪೊ ಮತ್ತು ಬ್ರಷ್‌ಲೆಸ್ ಬಂದ ಮೇಲೆ ಲೆಕ್ಕ ತಿರುಗಿತು. ನಮ್ಮ ಸಾದಾ ಮೋಟಾರೇ ಒಂದು ಬ್ಯಾಟರಿಗೆ ಇಪ್ಪತ್ತೈದು ನಿಮಿಷ ಓಡುತ್ತದೆ.

ತೀರ್ಮಾನವಾದದ್ದು ಇದರಿಂದಲ್ಲ. ಅತ್ತೆಯ ಸರದಿಯಲ್ಲಿ.

"ನಂಗೂ ಒಂದ್ಸಲ ಕೊಡಿ" ಅಂದರು. ಇವರು ಖುಷಿಯಾಗಿ ನೈಟ್ರೋದ ರೇಡಿಯೊ ಕೊಟ್ಟರು. ಅತ್ತೆ ಕುರ್ಚಿ ಸರಿ ಮಾಡಿಕೊಂಡರು, ಕನ್ನಡಕ ಒರೆಸಿಕೊಂಡರು, ಚಕ್ರ ಯಾವುದು ಗುಂಡಿ ಯಾವುದು ಎಂದು ಕೇಳಿಕೊಂಡರು. ಅಷ್ಟರಲ್ಲಿ ಎಂಜಿನ್ ನಿಂತಲ್ಲೇ ನಡೆಯುತ್ತ ನಡೆಯುತ್ತ ಇಂಧನ ತುಂಬಿಕೊಂಡು ಬುಳುಬುಳು ಅಂದು ಆರಿತು. ಸ್ಟಾರ್ಟ್ ಮಾಡಿದೆ. ಅವರು ಸೆರಗು ಸರಿ ಮಾಡಿಕೊಳ್ಳುವಷ್ಟರಲ್ಲಿ ಮತ್ತೆ ಆರಿತು. ಮೂರನೇ ಸಲ ಸ್ಟಾರ್ಟ್ ಆದಾಗ ಗಾಬರಿಯಲ್ಲಿ ಗುಂಡಿ ಪೂರ್ತಿ ಒತ್ತಿದರು, ಕಾರು ಬಾಣದ ಹಾಗೆ ಹೋಗಿ ಪೊದೆ ಸೇರಿತು. "ನಂಗೆ ಬೇಡ ಕಣಮ್ಮ, ಅದು ನನ್ನ ಕಾಯೋದೇ ಇಲ್ಲ" ಎಂದು ರೇಡಿಯೊ ವಾಪಸ್ ಕೊಟ್ಟರು.

ಎಲೆಕ್ಟ್ರಿಕ್ ಕಾರಿನ ರೇಡಿಯೊದಲ್ಲಿ ಥ್ರಾಟಲಿನ ಮಿತಿಯನ್ನು ಅರ್ಧಕ್ಕೆ ಇಳಿಸಿ ಅವರ ಕೈಗಿಟ್ಟೆ. ಕಾರು ಅವರ ಕಾಲ ಬಳಿ ಸುಮ್ಮನೆ ನಿಂತಿತ್ತು. ಅವರು ಎರಡು ನಿಮಿಷ ಏನೂ ಮಾಡಲಿಲ್ಲ, ಅದೂ ಏನೂ ಮಾಡಲಿಲ್ಲ. ಆಮೇಲೆ ನಿಧಾನವಾಗಿ ಹೊರಟು, ಮೊಮ್ಮಗ ಇಟ್ಟ ನಾಲ್ಕು ಚಪ್ಪಲಿಗಳನ್ನು ಸುತ್ತಿ ಬಂದಿತು. ಬ್ಯಾಟರಿ ಮುಗಿಯುವವರೆಗೆ ರೇಡಿಯೊ ಬಿಡಲಿಲ್ಲ.

ನಾನು ನಾಲ್ಕು ವಾರ ವೇಗ, ವೆಚ್ಚ, ಸದ್ದು, ಗಲೀಜು ಎಂದು ಪಟ್ಟಿ ಮಾಡಿದ್ದೆ. ಅತ್ತೆಯ ಮಾತು ಅದರಲ್ಲಿ ಇರಲೇ ಇಲ್ಲ. ಎಲೆಕ್ಟ್ರಿಕ್ ಕಾರು ಮೈದಾನದಲ್ಲಿ ಕಾಯುತ್ತದೆ: ಒಬ್ಬರಿಂದ ಒಬ್ಬರಿಗೆ ರೇಡಿಯೊ ದಾಟುವಾಗ, ಜಗಳ ಆಗುವಾಗ, ನೀರು ಕುಡಿಯುವಾಗ. ನೈಟ್ರೋಗೆ ಜೊತೆಗೊಬ್ಬರು ಬಗ್ಗಿ ಕಿವಿಗೊಟ್ಟು ನಿಂತಿರಲೇಬೇಕು, ಆಟವಾಡುವವರು ಇಬ್ಬರೇ, ಉಳಿದವರು ಪ್ರೇಕ್ಷಕರು. ಮನೆಯಲ್ಲಿ ಮಾತ್ರ ಇದು ಸ್ವಲ್ಪ ಅದಲುಬದಲು. ತುಂಬಿದ ಲಿಪೊವನ್ನು ಹಾಗೇ ಮರೆತರೆ ಅದು ಕೆಡುತ್ತದೆ, ಸೆಲ್ಲಿಗೆ 3.8 ವೋಲ್ಟಿಗೆ ತಂದಿಡಬೇಕು. ನೈಟ್ರೋ ಎಂಜಿನ್ನನ್ನು ಖಾಲಿ ಮಾಡಿ ಎಣ್ಣೆ ಬಿಟ್ಟಿಟ್ಟರೆ ತಿಂಗಳುಗಟ್ಟಲೆ ಕೂರುತ್ತದೆ.

ಮಗಳ ಲೆಕ್ಕ ಕೊನೆಗೆ ಹೀಗಿತ್ತು. ನೈಟ್ರೋ: ಕೆಲಸ 790, ಓಟ 64. ಎಲೆಕ್ಟ್ರಿಕ್: ಕೆಲಸ 481, ಓಟ 112. ಅವಳು ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಸೇರಿಸಿದ್ದಳು: 'ಓಡಿಸಿದವರು: ನೈಟ್ರೋ 2, ಎಲೆಕ್ಟ್ರಿಕ್ 5.'

ಹಾಗಾಗಿ ಮನೆಮಂದಿಯ ಕಾರು ಬ್ಯಾಟರಿಯದು. ಮುಂದೆ ಎರಡನೆಯದು ಬರುವುದಾದರೂ ಅದೇ ಕಿಟ್ಟು, ಬಿಡಿಭಾಗ ಒಂದಕ್ಕೊಂದು ಆಗಲಿ ಎಂದು. ನೈಟ್ರೋ ಮಾರಬೇಕು ಎಂದು ಇವರೇ ಬೇಸರದಲ್ಲಿ ಅಂದರು. ಬೇಡ ಅಂದವಳು ನಾನು. ತಿಂಗಳಿಗೊಂದು ಭಾನುವಾರ ಅದು ನನ್ನದು ಮತ್ತು ಮಗಳದು. ಅವಳಿಗೆ ಈಗ ಕಣ್ಣು ಮುಚ್ಚಿಕೊಂಡು ಇಂಧನ ಹೆಚ್ಚೋ ಕಡಿಮೆಯೋ ಹೇಳಲು ಬರುತ್ತದೆ, ಮೂರಕ್ಕೆ ಎರಡು ಸಲ ಸರಿ ಇರುತ್ತದೆ.

ಸಂಜೆ ಟ್ಯಾಂಕ್ ಖಾಲಿ ಮಾಡಿ, ಉಳಿದ ಇಂಧನ ಉರಿದು ಹೋಗುವವರೆಗೆ ಎಂಜಿನ್ ಓಡಿಸಿ, ಪ್ಲಗ್ ತೆಗೆದು ನಾಲ್ಕು ಹನಿ ಎಣ್ಣೆ ಬಿಟ್ಟೆವು. ಬಿಸಿ ಆರುವ ಮೊದಲೇ ಪಿಸ್ಟನ್ ಕೆಳಗೆ ಇಳಿಸಿಡಬೇಕು, ಮೇಲೆ ಬಿಟ್ಟರೆ ತಣ್ಣಗಾಗುವಾಗ ಕೊಳವೆ ಅದನ್ನು ಕಚ್ಚಿಕೊಳ್ಳುತ್ತದೆ. ಪಿಸ್ಟನ್ ಕೆಳಗಿದ್ದಾಗ ಫ್ಲೈವೀಲಿನ ಮೇಲ್ಭಾಗಕ್ಕೆ ಬರುವ ಜಾಗದಲ್ಲಿ ಮಗಳು ತನ್ನ ಕೆಂಪು ನೇಲ್ ಪಾಲಿಶಿನಿಂದ ಒಂದು ಚುಕ್ಕಿ ಇಟ್ಟಳು. ಮಗ ಲಿಪೊ ಅಳೆದು 3.81, 3.82 ಎಂದು ಕೂಗಿ ಹೇಳಿದ. ಎಲೆಕ್ಟ್ರಿಕ್ ಕಾರಿನ ಹಿಂದಿನ ಎಡ ಟೈರು ರಿಮ್ಮಿನಿಂದ ಅಂಟು ಬಿಟ್ಟಿದೆ. ಅದು ನಾಳೆ ಸಂಜೆಯ ಕೆಲಸ, ಅತ್ತೆ ಆಗಲೇ ಎರಡು ಸಲ ಕೇಳಿದ್ದಾರೆ.